ಪಾಯಿಂಟ್ ಥರ್ಟಿ ಫೈವ್

ಸುಮೇಧಾ ತಾಂಬರಂನ ಒಂದು ಶಾಲೆಗೆ ಗಣಿತದ ಟೀಚರಾಗಿ ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಇಷ್ಟು ವರ್ಷದಲ್ಲಿ ತರಗತಿಯೊಳಗೆ ಕಾಲಿಡಲು ಅವಳಿಗೆ ಹೆದರಿಕೆಯಾದದ್ದು ಎರಡೇ ಸಲ. ಒಂದು, ಸೇರಿದ ಮೊದಲ ದಿನ. ಇನ್ನೊಂದು, ಈ ಜೂನ್‌ನಲ್ಲಿ ಬೇಸಿಗೆ ರಜೆ ಮುಗಿಸಿ ಬಂದ ದಿನ.

ರಜೆಯಲ್ಲಿ ಆರರಿಂದ ಹತ್ತರವರೆಗಿನ ತರಗತಿಗಳಲ್ಲೆಲ್ಲ ಕರಿಹಲಗೆ ಕಿತ್ತು ಸ್ಮಾರ್ಟ್ ಬೋರ್ಡ್ ಕೂರಿಸಿದ್ದರು. ಗೋಡೆಯ ಅರ್ಧ ಅಗಲದ ಗಾಜಿನ ಪರದೆ. ಸುಮೇಧಾ ಕರಿಹಲಗೆಯನ್ನು ಮೂರು ಪಾಲು ಮಾಡಿ ಗೆರೆ ಎಳೆದು ಪಾಠ ಶುರುಮಾಡಿದರೆ, ಮೂರನೆಯ ಪಾಲಿನ ಕೊನೆಯ ಸಾಲು ಮುಗಿಯುವುದಕ್ಕೂ ಗಂಟೆ ಹೊಡೆಯುವುದಕ್ಕೂ ಸರಿಹೋಗುತ್ತಿತ್ತು. ಅವಳ ಗಡಿಯಾರ, ಅವಳ ನೋಟ್ಸು ಎಲ್ಲ ಆ ಹಲಗೆಯೇ ಆಗಿತ್ತು. ಈಗ ಅದು ಇರಲಿಲ್ಲ.

ಮೊದಲ ದಿನ ಏಳನೆಯ ‘ಬಿ’ ತರಗತಿಯಲ್ಲಿ ಅವಳು ಬೋರ್ಡಿನ ಪೆನ್ನು ಹಿಡಿದು ಗೆರೆ ಎಳೆದಳು. ಗೆರೆ ಪೆನ್ನಿನ ತುದಿಯಲ್ಲಿ ಮೂಡದೆ ನಾಲ್ಕು ಬೆರಳು ಮೇಲೆ ಮೂಡಿತು. ಅಳಿಸಲು ಹೋದರೆ ಇಡೀ ಪುಟವೇ ಮಾಯವಾಯಿತು. ಎಲ್ಲಿಂದಲೋ ಒಂದು ಜಾಹೀರಾತು ಬಂದು ಕೂತಿತು. ನಲವತ್ತೊಂದು ಮಕ್ಕಳು ನಕ್ಕರು. ಕೆಟ್ಟ ನಗು ಏನಲ್ಲ. ಆದರೂ ಆ ನಗು ಅವಳ ಜೊತೆ ಸ್ಟಾಫ್ ರೂಮಿಗೆ ಬಂತು, ಎಲೆಕ್ಟ್ರಿಕ್ ಟ್ರೈನ್ ಹತ್ತಿತು, ಮಾಂಬಲಂನಲ್ಲಿ ಇಳಿದು ಮನೆಯವರೆಗೂ ಬಂತು. ಮರುದಿನದಿಂದ ಅವಳು ಬೋರ್ಡಿನ ಒಂದೇ ಪೆನ್ನು, ಒಂದೇ ಬಣ್ಣ, ಒಂದೇ ಖಾಲಿ ಪುಟ ಇಟ್ಟುಕೊಂಡು ಅದನ್ನೂ ಕರಿಹಲಗೆಯ ಹಾಗೆಯೇ ಬಳಸತೊಡಗಿದಳು. ಬೇರೆ ಯಾವ ಗುಂಡಿಯನ್ನೂ ಮುಟ್ಟಲಿಲ್ಲ.

ಹೀಗೆ ಜುಲೈ ಕಳೆಯಿತು. ಆಗಸ್ಟ್ ಮೊದಲ ವಾರ ಪ್ರಿನ್ಸಿಪಾಲ್ ಫ್ಲಾರೆನ್ಸ್ ಮೇಡಂ ಸ್ಟಾಫ್ ರೂಮಿಗೆ ಬಂದು ಒಂದು ಸುತ್ತೋಲೆ ಓದಿದರು. ಹದಿನೆಂಟನೇ ತಾರೀಖು ಸೋಮವಾರದಿಂದ ಪ್ರತಿಯೊಬ್ಬ ಟೀಚರೂ ಹೊಸ ಬೋರ್ಡ್ ಬಳಸಿ ಒಂದು ಡೆಮೋ ತರಗತಿ ತೆಗೆದುಕೊಳ್ಳಬೇಕು. ಶಾಲೆಯ ಆಡಳಿತ ನೋಡಿಕೊಳ್ಳುವ ಕರೆಸ್ಪಾಂಡೆಂಟ್ ದೇವನಾಯಗಂ ಸಾರ್ ಬಂದು ಕೂರುತ್ತಾರೆ. ಅದಕ್ಕೂ ಮೊದಲು ತಮ್ಮ ಒಂದು ಪಾಠವನ್ನು ಬೋರ್ಡಿನಲ್ಲೇ ರೆಕಾರ್ಡ್ ಮಾಡಿ ಕಳಿಸಬೇಕು.

ಪಟ್ಟಿಯ ಮೊದಲ ಹೆಸರು ಸುಮೇಧಾಳದು. ಸೋಮವಾರ, ಮೊದಲ ಪೀರಿಯಡ್, ಏಳನೆಯ ‘ಬಿ’.

ಈ ಶಾಲೆಯನ್ನು ನಡೆಸುವ ಟ್ರಸ್ಟಿನದೇ ಇನ್ನೊಂದು ಶಾಲೆಯಲ್ಲಿ ಹೋದ ವರ್ಷ ಇಂಥದ್ದೇ ಡೆಮೋ ಆದಮೇಲೆ ಇಬ್ಬರು ಹಿರಿಯ ಟೀಚರುಗಳನ್ನು ಪಾಠ ಬಿಡಿಸಿ ಅಡ್ಮಿಷನ್ ಕೌಂಟರಿನಲ್ಲಿ ಕೂರಿಸಿದ್ದರಂತೆ. ಆ ಸುದ್ದಿ ಎಲ್ಲರಿಗೂ ಗೊತ್ತಿತ್ತು.

ಮರುದಿನ ಬೆಳಗ್ಗೆ ತಟ್ಟೆಯಲ್ಲಿ ಇಡ್ಲಿ ಹಾಗೆಯೇ ಇತ್ತು. ಅವಳ ಅತ್ತೆ ರಮಾಬಾಯಿಗೆ ಎಂಬತ್ತೊಂದು ವರ್ಷ. ಕಣ್ಣು ಮಂದವಾಗಿದ್ದರೂ ಯಾರ ತಟ್ಟೆಯಲ್ಲಿ ಎಷ್ಟು ಉಳಿದಿದೆ ಎನ್ನುವುದು ಮಾತ್ರ ಕಾಣುತ್ತಿತ್ತು.

“ಯಾಕೇ, ಮುಟ್ಟೇ ಇಲ್ಲ?”

“ಹೊಟ್ಟೆ ಸರಿಯಿಲ್ಲ ಅತ್ತೆ.”

“ಹೊಟ್ಟೆ ಚೆನ್ನಾಗೇ ಇದೆ. ಮನಸ್ಸಿಗೇ ಪದಟ್ಟ ನಿಂಗೆ, ಗಾಬರಿ. ಸ್ಕೂಲಿಗೆ ಆ ಟಿವಿ ಬಂದಾಗಿಂದ ನೋಡ್ತಿದೀನಿ, ನಿದ್ದೆ ಇಲ್ಲ, ಊಟ ಇಲ್ಲ.”

“ಅದು ಟಿವಿ ಅಲ್ಲ ಅತ್ತೆ.”

“ಏನೋ ಒಂದು. ಗೋಡೆ ಮೇಲೆ ಇರೋದು ತಾನೆ.”

ಅವಳ ಗಂಡ ಸುಶಮೀಂದ್ರ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸಕ್ಕಿದ್ದ. ಶೂ ಹಾಕಿಕೊಳ್ಳುತ್ತಾ, ಒಳ್ಳೆಯ ಮನಸ್ಸಿನಿಂದಲೇ, “ಇಷ್ಟು ಟೆನ್ಷನ್ ಯಾಕೇ ಪಡ್ತೀಯ? ಆಗಲ್ಲ ಅಂದ್ರೆ ಬಿಟ್ಬಿಡು. ಮನೇಲೇ ನಾಲ್ಕು ಮಕ್ಕಳಿಗೆ ಟ್ಯೂಷನ್ ಹೇಳ್ಕೊಡು. ಕಂಡಿಪ್ಪಾ ಬರ್ತಾರೆ, ಬಂದೇ ಬರ್ತಾರೆ” ಎಂದ.

‘ಆಗಲ್ಲ’ ಎನ್ನುವ ಮಾತು ಸುಮೇಧಾಗೆ ಚುಚ್ಚಿತು. ಅದು ನಿಜವಿರಬಹುದು ಎನಿಸಿದ್ದರಿಂದ ಇನ್ನೂ ಹೆಚ್ಚು ಚುಚ್ಚಿತು.

ಅವಳಿಗೆ ದಾರಿ ತೋರಿಸಿದವಳು ನಮಿತಾ. ನಮಿತಾ ಈ ವರ್ಷವಷ್ಟೇ ಸೇರಿದ್ದ ವಿಜ್ಞಾನದ ಟೀಚರು, ಇನ್ನೂ ಪ್ರೊಬೇಷನ್ನಿನಲ್ಲಿದ್ದಳು. ಅವಳ ತಂದೆ ಜಯಪ್ರಕಾಶ್ ಕುಂದಾಪುರದ ಕಡೆಯವರು. ಕೋಯಂಬೇಡಿನ ಮಾರ್ಕೆಟ್ಟಿನ ಹತ್ತಿರ ವೆಜಿಟೇರಿಯನ್ ಹೋಟೆಲು ನಡೆಸುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಕನ್ನಡ ಬರುತ್ತಿದ್ದದ್ದು ಇವರಿಬ್ಬರಿಗೆ ಮಾತ್ರ. ಹಾಗಾಗಿ ಬೇರೆಯವರ ಎದುರಿಗೇ ಕೂತು ಗುಟ್ಟು ಮಾತಾಡಬಹುದಿತ್ತು.

“ಮಿಸ್, ನೀವು ಬೋರ್ಡ್ ಕಂಡ್ರೆ ಎಂತಕ್ಕೆ ಇಷ್ಟು ಹೆದರುದು?” ಎಂದು ನಮಿತಾ ಒಂದು ದಿನ ಊಟದ ಬಿಡುವಿನಲ್ಲಿ ಕೇಳಿದಳು.

“ಮುಟ್ಟಿದ್ರೆ ಏನಾಗತ್ತೋ ಅಂತ.”

“ಎಂತ ಆಗುದಿಲ್ಲ ಮಾರಾಯ್ರೆ. ಹಾಳಾದ್ರೆ ರಿಪೇರಿಗೆ ಜನ ಇದ್ದಾರೆ. ಬನ್ನಿ.”

ಆ ವಾರ ದಿನಾ ಸಂಜೆ ಶಾಲೆ ಬಿಟ್ಟಮೇಲೆ ಅರ್ಧ ಗಂಟೆ ನಮಿತಾ ಅವಳಿಗೆ ಬೋರ್ಡ್ ಹೇಳಿಕೊಟ್ಟಳು. ಪುಟ ಉಳಿಸುವುದು, ಪಾಠ ರೆಕಾರ್ಡ್ ಮಾಡುವುದು, ಚಿತ್ರ ತರುವುದು. ಸುಮೇಧಾ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಹಂತ ಹಂತವಾಗಿ ಬರೆದುಕೊಂಡಳು. ಬರೆದುಕೊಂಡರೂ ಮರುದಿನ ಕೈ ತಡವರಿಸುತ್ತಿತ್ತು. ನಮಿತಾ ಇನ್ನೊಂದು ಉಪಾಯವನ್ನೂ ಹೇಳಿಕೊಟ್ಟಳು. ಪ್ರತಿ ಮಗುವಿಗೂ ಒಂದು ಕಾರ್ಡು. ಕಾರ್ಡಿನ ಮೇಲೆ ಕಪ್ಪು ಬಿಳುಪಿನ ಚೌಕಳಿ ಗುರುತು, ನಾಲ್ಕು ಬದಿಗೆ ಎ, ಬಿ, ಸಿ, ಡಿ. ಪ್ರಶ್ನೆ ಕೇಳಿದಾಗ ತನಗೆ ಸರಿಯೆನಿಸಿದ ಅಕ್ಷರ ಮೇಲೆ ಬರುವಂತೆ ಮಗು ಕಾರ್ಡು ಹಿಡಿಯಬೇಕು. ಟೀಚರು ಮುಂದೆ ನಿಂತು ಫೋನಿನ ಕ್ಯಾಮೆರಾ ಹಾಯಿಸಿದರೆ ಸಾಕು, ಯಾರು ಯಾವ ಉತ್ತರ ಕೊಟ್ಟರು ಎಂದು ಹೆಸರಿನ ಸಮೇತ ಬಂದುಬಿಡುತ್ತದೆ. ಒಬ್ಬರ ಉತ್ತರ ಇನ್ನೊಬ್ಬರಿಗೆ ಕಾಣುವುದಿಲ್ಲ. ಮಕ್ಕಳ ಹತ್ತಿರ ಫೋನೂ ಬೇಕಿಲ್ಲ.

“ಡೆಮೋದಲ್ಲಿ ಇದನ್ನು ಮಾಡಿ ಮಿಸ್. ಕರೆಸ್ಪಾಂಡೆಂಟ್‌ಗೆ ಖುಷಿ ಆಗ್ತದೆ.”

ಸುಮೇಧಾ ಸ್ಟೇಷನ್ ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ನಲವತ್ತೊಂದು ಕಾರ್ಡು ಪ್ರಿಂಟ್ ಮಾಡಿಸಿದಳು.

ಹದಿನಾಲ್ಕನೇ ತಾರೀಖು ಗುರುವಾರ ಅದನ್ನು ಮೊದಲ ಸಲ ಪರೀಕ್ಷಿಸಿದಳು. ದಶಮಾಂಶದ ಪಾಠ ಹಿಂದಿನ ದಿನ ಮುಗಿದಿತ್ತು. ಆ ದಿನ ಮತ್ತೊಮ್ಮೆ ಎಲ್ಲವನ್ನೂ ಹೇಳಿ, ರೆಕಾರ್ಡಿಂಗೂ ಹಾಕಿ, ಕೊನೆಗೆ ಎಂದಿನಂತೆ ತಮಿಳಿನಲ್ಲಿ “ಪುರಿಂಜುದಾ?” ಎಂದು ಕೇಳಿದಳು. ಅರ್ಥವಾಯಿತೇ ಎಂದು. “ಪುರಿಂಜುದು ಮಿಸ್!” ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು. ಇಪ್ಪತ್ತಾರು ವರ್ಷದಿಂದ ಕೇಳಿದ್ದ ಕೂಗು. ಅದನ್ನು ಕೇಳಿದಾಗಲೆಲ್ಲ ಒಂದು ಕೆಲಸ ಮುಗಿಯಿತು ಎನಿಸುತ್ತಿತ್ತು.

ಬೋರ್ಡಿನ ಮೇಲೆ ಪ್ರಶ್ನೆ ಬಂತು. ಯಾವುದು ದೊಡ್ಡದು? ಎ: 0.35. ಬಿ: 0.4. ಸಿ: 0.125. ಡಿ: ಎಲ್ಲವೂ ಸಮ.

ಮಕ್ಕಳು ಉತ್ಸಾಹದಿಂದ ಕಾರ್ಡು ಎತ್ತಿದರು. ಸುಮೇಧಾ ಫೋನು ಹಾಯಿಸಿದಳು. ಹೆಸರುಗಳು ಒಂದೊಂದಾಗಿ ಬಂದವು. ಕೆಂಪು, ಕೆಂಪು, ಹಸಿರು, ಕೆಂಪು, ಕೆಂಪು. ಸರಿ ಉತ್ತರ ‘ಬಿ’. ಅದನ್ನು ಕೊಟ್ಟವರು ಹನ್ನೊಂದು ಜನ. ಇಪ್ಪತ್ತೊಂದು ಮಕ್ಕಳು 0.125 ದೊಡ್ಡದು ಎಂದಿದ್ದರು. ಎಂಟು ಜನ 0.35 ಎಂದಿದ್ದರು. ಒಬ್ಬ, ಎಲ್ಲವೂ ಸಮ ಎಂದಿದ್ದ.

ಫೋನು ತಪ್ಪು ತೋರಿಸುತ್ತಿದೆ ಎಂದುಕೊಂಡು ಸುಮೇಧಾ ಮತ್ತೊಮ್ಮೆ ಹಾಯಿಸಿದಳು. ಅದೇ ಬಂತು. ಕಾರ್ಡು ಕೆಳಗಿಡಲು ಹೇಳಿ, “‘ಬಿ’ ಅನ್ನೋರು ಕೈಯೆತ್ತಿ” ಎಂದಳು. ಮೊದಲ ಬೆಂಚಿನ ದರ್ಶಿನಿ ಕೈಯೆತ್ತಿದಳು. ಲೆಕ್ಕದಲ್ಲಿ ಯಾವಾಗಲೂ ಮುಂದಿರುವ ಹುಡುಗಿ ಅವಳು. ಅವಳ ಕೈ ಕಂಡ ಕೂಡಲೇ ಪಕ್ಕದ ಕೈಗಳು ಎದ್ದವು, ಅವುಗಳ ಹಿಂದಿನವು ಎದ್ದವು, ಅರ್ಧ ನಿಮಿಷದಲ್ಲಿ ನಲವತ್ತೊಂದು ಕೈಗಳೂ ಮೇಲಿದ್ದವು.

ಸುಮೇಧಾ ಫೋನಿನ ಕೆಂಪು ಹೆಸರುಗಳನ್ನೂ ಮೇಲಿದ್ದ ಕೈಗಳನ್ನೂ ನೋಡಿದಳು. ಇಷ್ಟು ವರ್ಷ ತಾನು ನೋಡುತ್ತಾ ಬಂದದ್ದು ಈ ಕೈಗಳನ್ನೇ. ಆ ಕೈಗಳ ಹಿಂದೆ ಏನಿತ್ತು?

ಸಂಜೆ ಖಾಲಿ ತರಗತಿಯಲ್ಲಿ ಅವಳು ನಮಿತಾಗೆ ಫೋನು ತೋರಿಸಿದಳು. ನಮಿತಾ ಪಟ್ಟಿಯನ್ನು ಕೊನೆಯವರೆಗೂ ಸರಿಸಿ ನೋಡಿದಳು.

“ಇದನ್ನು ಸೋಮವಾರ ಬೋರ್ಡಿನ ಮೇಲೆ ತೋರಿಸಿದ್ರೆ ಕಥೆ ಮುಗೀತು ಮಿಸ್.”

“ನಾಳೆ ಆಗಸ್ಟ್ ಹದಿನೈದು. ಪಾಠ ಇಲ್ಲ. ಶನಿವಾರ, ಭಾನುವಾರ ರಜ. ಮತ್ತೆ ಹೇಳ್ಕೊಡಕ್ಕೆ ಟೈಮೇ ಇಲ್ವಲ್ಲ ನಮಿತಾ.”

“ಹೇಳಿಕೊಡುದು ಬೇಡ. ನಾಳೆ ಧ್ವಜ ಹಾರಿಸಿದ ಮೇಲೆ ನಿಮ್ಮ ಮಕ್ಕಳನ್ನು ಹತ್ತು ನಿಮಿಷ ನಿಲ್ಲಿಸಿ. ಸೋಮವಾರ ಕೇಳುವ ಪ್ರಶ್ನೆ ಇದು, ಒಂದಕ್ಕೆ ಎ, ಎರಡಕ್ಕೆ ಸಿ, ಹೀಗೆ ಹೇಳಿಬಿಡಿ. ಬೋರ್ಡ್ ಇಡೀ ಹಸಿರು ಆಗ್ತದೆ.”

ಸುಮೇಧಾ ಅವಳ ಮುಖ ನೋಡಿದಳು. ನಮಿತಾ ಕಣ್ಣು ತಪ್ಪಿಸಿದಳು.

“ನಾನು ಮಾಡುದೂ ಹಾಗೆಯೇ ಮಿಸ್. ನಂದು ಬುಧವಾರ ಇದೆ. ಮಕ್ಕಳಿಗೆ ಎಲ್ಲ ಹೇಳಿ ಇಟ್ಟಾಗಿದೆ. ಪ್ರೊಬೇಷನ್‌ನಲ್ಲಿ ಇರುವವಳು ನಾನು, ಬೇರೆ ಎಂತ ಮಾಡ್ಲಿಕ್ಕೆ ಆಗ್ತದೆ?”

ಸುಮೇಧಾ ತಪ್ಪು ಎನ್ನಲಿಲ್ಲ. ಎನ್ನುವಷ್ಟು ಧೈರ್ಯ ಅವಳಲ್ಲಿ ಇರಲಿಲ್ಲ. ಹೊರಡುವ ಮೊದಲು ದರ್ಶಿನಿಯ ಮನೆಗೆ ಫೋನು ಮಾಡಿ, ನಾಳೆ ಸಿಹಿ ಹಂಚಿದ ಮೇಲೆ ‘ಬಿ’ ಸೆಕ್ಷನ್ನಿನ ಯಾರೂ ಹೋಗಕೂಡದು, ವರಾಂಡದಲ್ಲಿ ನಿಂತಿರಬೇಕು ಎಂದು ಅವಳಿಂದ ಎಲ್ಲರಿಗೂ ಹೇಳಿಸಿದಳು. ರಾತ್ರಿ ಊಟಕ್ಕೆ ಮೊದಲು ನಾಲ್ಕು ಪ್ರಶ್ನೆಯನ್ನೂ ನಾಲ್ಕು ಉತ್ತರವನ್ನೂ ಒಂದು ಚೀಟಿಯಲ್ಲಿ ಬರೆದು ಪರ್ಸಿನೊಳಗೆ ಇಟ್ಟುಕೊಂಡಳು.

ಶುಕ್ರವಾರ ಬೆಳಗ್ಗೆ ಆರೂವರೆಗೆ ಮಾಂಬಲಂನಲ್ಲಿ ಸಿಕ್ಕಿದ್ದು ಚೆಂಗಲ್ಪಟ್ಟಿಗೆ ಹೋಗುವ ಟ್ರೈನು. ರಜೆಯ ದಿನವಾದ್ದರಿಂದ ಹೆಂಗಸರ ಡಬ್ಬಿ ಖಾಲಿಯಿತ್ತು. ಕಿಟಕಿಯ ಪಕ್ಕ ಕೂತಾಗ ರೆಕಾರ್ಡಿಂಗ್ ನೆನಪಾಯಿತು. ಭಾನುವಾರದೊಳಗೆ ಕಳಿಸಬೇಕು. ನಿನ್ನೆಯ ಪಾಠ ಫೋನಿಗೆ ಬಂದು ಕೂತಿತ್ತು. ತನ್ನ ದನಿಯನ್ನು ತಾನೇ ಕೇಳಲು ಅವಳಿಗೆ ಮುಜುಗರ. ಆದರೂ ಕಳಿಸುವ ಮೊದಲು ಒಮ್ಮೆ ಕೇಳಲೇಬೇಕು ಎಂದು ಇಯರ್‌ಫೋನು ಸಿಕ್ಕಿಸಿಕೊಂಡಳು.

ತನ್ನ ದನಿ ಅವಳು ಅಂದುಕೊಂಡದ್ದಕ್ಕಿಂತ ಚೂಪಾಗಿತ್ತು, ಅವಸರದಲ್ಲಿತ್ತು. ಪ್ರಶ್ನೆ ಕೇಳಿ, ಮಕ್ಕಳು ಉಸಿರು ತೆಗೆದುಕೊಳ್ಳುವ ಮೊದಲೇ ಉತ್ತರವನ್ನೂ ತಾನೇ ಹೇಳುತ್ತಿದ್ದಳು. ಗಿಂಡಿ ಸ್ಟೇಷನ್ ದಾಟಿತು. ಪಲ್ಲಾವರಂ ದಾಟಿತು. ಆಗ ಅವಳಿಗೆ ಒಂದು ಮಾತು ಕೇಳಿಸಿತು. ತಡೆದು, ಹಿಂದಕ್ಕೆ ಹೋಗಿ ಮತ್ತೆ ಕೇಳಿದಳು.

“ಜೀರೋ ಪಾಯಿಂಟ್ ಥರ್ಟಿ ಫೈವ್,” ಎನ್ನುತ್ತಿದ್ದಳು ರೆಕಾರ್ಡಿಂಗಿನ ಸುಮೇಧಾ. “ಜೀರೋ ಪಾಯಿಂಟ್ ಒನ್ ಟ್ವೆಂಟಿ ಫೈವ್.”

ಥರ್ಟಿ ಫೈವ್. ಒನ್ ಟ್ವೆಂಟಿ ಫೈವ್. ಮೂವತ್ತೈದು. ನೂರಿಪ್ಪತ್ತೈದು. ಪಾಯಿಂಟ್ ತ್ರೀ ಫೈವ್ ಎಂದು ಅಂಕಿ ಬಿಡಿಸಿ ಓದಬೇಕು. ಕಾಲೇಜಿನಲ್ಲಿ ಅವಳಿಗೆ ಹಾಗೆಯೇ ಕಲಿಸಿದ್ದರು. ಯಾವಾಗಿನಿಂದ ಹೀಗೆ ಓದಲು ಶುರುಮಾಡಿದೆ ಎಂದು ಅವಳಿಗೆ ನೆನಪಿಗೆ ಬರಲಿಲ್ಲ. ಅಂಗಡಿಯವರು ಹಾಗೆ ಹೇಳುತ್ತಾರೆ, ಟಿವಿಯಲ್ಲಿ ಹಾಗೆ ಹೇಳುತ್ತಾರೆ, ನಾಲಿಗೆಗೆ ಅದೇ ಸುಲಭ. ನೂರಿಪ್ಪತ್ತೈದು ಎಂದು ಟೀಚರೇ ಓದಿದರೆ, ಹನ್ನೆರಡು ವರ್ಷದ ಮಗು ಅದನ್ನು ನಾಲ್ಕಕ್ಕಿಂತ ಚಿಕ್ಕದು ಎಂದು ಯಾಕೆ ನಂಬಬೇಕು?

ನಲವತ್ತು ನಿಮಿಷದ ಪಾಠದಲ್ಲಿ ಅವಳು ಹಾಗೆ ಹೇಳಿದ್ದು ಹತ್ತೊಂಬತ್ತು ಸಲ. ಎಣಿಸಿದಳು. ಎಣಿಸಿ ಮುಗಿಸಿ ತಲೆಯೆತ್ತಿದಾಗ ಹೊರಗೆ ಪೆರುಂಗಳತ್ತೂರಿನ ಬೋರ್ಡು ಕಂಡಿತು. ತಾಂಬರಂ ಹಿಂದೆ ಹೋಗಿತ್ತು.

ಅಲ್ಲಿ ಇಳಿದು, ಎದುರು ಪ್ಲಾಟ್‌ಫಾರಂಗೆ ಓಡಿ, ವಾಪಸ್ ಟ್ರೈನಿಗೆ ಕಾಯುವಾಗಲೂ ಅವಳು ಎಣಿಸುತ್ತಲೇ ಇದ್ದಳು. ಈಗ ಮಕ್ಕಳನ್ನು. ಇಪ್ಪತ್ತಾರು ವರ್ಷ, ವರ್ಷಕ್ಕೆ ಎರಡು ಮೂರು ಸೆಕ್ಷನ್ನು. ಆ ಮಕ್ಕಳಲ್ಲಿ ಈಗ ಎಷ್ಟೋ ಜನ ಆಫೀಸುಗಳಲ್ಲಿದ್ದಾರೆ, ಆಸ್ಪತ್ರೆಗಳಲ್ಲಿದ್ದಾರೆ. ಒಬ್ಬಳು ನರ್ಸ್ ಆಗಿದ್ದಾಳೆ. ಹೋದ ವರ್ಷ ಬಂದು ಕಾಲಿಗೆ ನಮಸ್ಕಾರ ಮಾಡಿ ಹೋಗಿದ್ದಳು. ಸಿರಿಂಜಿನಲ್ಲಿ ಔಷಧಿ ಎಳೆಯುವಾಗ ಆ ಹುಡುಗಿ ಪಾಯಿಂಟ್ ಆದಮೇಲಿನ ಅಂಕಿಯನ್ನು ಹೇಗೆ ಓದುತ್ತಾಳೆ? ಸುಮೇಧಾ ಆ ಯೋಚನೆಯನ್ನು ಅಲ್ಲಿಗೇ ನಿಲ್ಲಿಸಲು ನೋಡಿದಳು. ನಿಲ್ಲಲಿಲ್ಲ.

ಶಾಲೆ ಮುಟ್ಟುವ ಹೊತ್ತಿಗೆ ಧ್ವಜ ಹಾರಿಸಿ ಆಗಿತ್ತು. ಮೈದಾನದಲ್ಲಿ ಮಿಠಾಯಿ ಕಾಗದ ಬಿದ್ದಿತ್ತು. ಹೇಳಿದ ಹಾಗೆ ಏಳನೆಯ ‘ಬಿ’ ವರಾಂಡದಲ್ಲಿ ಸಾಲಾಗಿ ನಿಂತಿತ್ತು. ಸುಮೇಧಾ ಪರ್ಸು ತೆರೆದಳು. ಚೀಟಿ ಕೈಗೆ ಸಿಕ್ಕಿತು. ಮಕ್ಕಳು ಅವಳನ್ನೇ ನೋಡುತ್ತಿದ್ದರು. ಓದಿ ಹೇಳಲು ಒಂದು ನಿಮಿಷ ಸಾಕು. ಓದಿದರೆ ಸೋಮವಾರ ಬೋರ್ಡು ಹಸಿರು, ಕರೆಸ್ಪಾಂಡೆಂಟ್ ಖುಷಿ, ತಾನು ಬಚಾವು. ಮಂಗಳವಾರ ಮುಂದಿನ ಪಾಠ. ಈ ಮಕ್ಕಳಿಗೆ 0.125 ಯಾವತ್ತಿಗೂ ದೊಡ್ಡದಾಗಿಯೇ ಉಳಿಯುತ್ತದೆ.

“ಸೋಮವಾರ ಎಲ್ಲರೂ ಟೈಮಿಗೆ ಸರಿಯಾಗಿ ಬನ್ನಿ,” ಎಂದಳು ತಮಿಳಿನಲ್ಲಿ. “ಅಷ್ಟೇ. ಮನೆಗೆ ಹೋಗಿ.”

ಮಕ್ಕಳು ಓಡಿದರು. ಇದಕ್ಕಾ ಇಷ್ಟು ಹೊತ್ತು ನಿಲ್ಲಿಸಿದ್ದು ಎಂದು ಯಾರೋ ಗೊಣಗಿದ್ದು ಕೇಳಿಸಿತು.

ದೂರದಲ್ಲಿ ನಿಂತು ನೋಡುತ್ತಿದ್ದ ನಮಿತಾ ಹತ್ತಿರ ಬಂದಳು. “ಹೇಳಲಿಲ್ವಾ ಮಿಸ್?”

“ಇಲ್ಲ. ತಪ್ಪು ಮಕ್ಕಳದ್ದಲ್ಲ ನಮಿತಾ, ನಂದು.” ಅವಳು ಇಯರ್‌ಫೋನು ನಮಿತಾಳ ಕಿವಿಗೆ ಕೊಟ್ಟು ಆ ಜಾಗ ಕೇಳಿಸಿದಳು. ಆಮೇಲೆ, “ಬೋರ್ಡಿನಲ್ಲಿ ಗೆರೆ ಎಳೆದು ಅದನ್ನು ದೊಡ್ಡದು ಮಾಡೋದು ಹೇಗೆ? ನೀನು ಚಿತ್ರ ತೋರಿಸುವಾಗ ಮಾಡ್ತೀಯಲ್ಲ, ಎರಡು ಬೆರಳಲ್ಲಿ. ಅದು ಸಂಖ್ಯಾರೇಖೆಗೂ ಆಗತ್ತಾ?” ಎಂದು ಕೇಳಿದಳು.

ಇಬ್ಬರೂ ಪ್ರಿನ್ಸಿಪಾಲರನ್ನು ಕೇಳಿ ತರಗತಿ ತೆರೆಸಿಕೊಂಡು ಮಧ್ಯಾಹ್ನ ಒಂದರವರೆಗೆ ಕೂತರು. ಸೊನ್ನೆಯಿಂದ ಒಂದರವರೆಗೆ ಗೆರೆ, ಹತ್ತು ಭಾಗ. ಬೆರಳು ಹಿಗ್ಗಿಸಿದರೆ ಎರಡು ಗುರುತಿನ ನಡುವೆ ಇನ್ನೂ ಹತ್ತು ಭಾಗ ತೆರೆದುಕೊಳ್ಳಬೇಕು. ಮೊದಲ ಸಲ ಗೆರೆ ಬೋರ್ಡಿನಿಂದ ಹೊರಗೇ ಹೋಯಿತು. ಎರಡನೇ ಸಲ ಬೋರ್ಡು ನಿಂತೇಹೋಯಿತು. ಆಫ್ ಮಾಡಿ ಆನ್ ಮಾಡಿದರು. ಐದನೇ ಸಲಕ್ಕೆ ಬಂತು. ಸುಮೇಧಾ ಅದನ್ನು ಇನ್ನೂ ಇಪ್ಪತ್ತು ಸಲ ಮಾಡಿದಳು.

ಸೋಮವಾರ ಮೊದಲ ಪೀರಿಯಡ್ಡಿಗೆ ಇಬ್ಬರು ಮಕ್ಕಳು ಬಂದಿರಲಿಲ್ಲ; ಮೂವತ್ತೊಂಬತ್ತು ಜನ. ಹಿಂದಿನ ಬೆಂಚಿನಲ್ಲಿ ದೇವನಾಯಗಂ ಸಾರ್, ಫ್ಲಾರೆನ್ಸ್ ಮೇಡಂ, ಬೋರ್ಡ್ ಕಂಪನಿಯ ತರಬೇತಿಯವರೊಬ್ಬರು. ಸುಮೇಧಾ ಗುಡ್ ಮಾರ್ನಿಂಗ್ ಎಂದಾಗ ಅವಳ ದನಿ ಅವಳಿಗೇ ಬೇರೆಯವರದ್ದೆನಿಸಿತು.

ಅವಳು ಹೊಸ ಪ್ರಶ್ನೆ ಹಾಕಿದಳು. ಯಾವುದು ದೊಡ್ಡದು? ಎ: 0.6. ಬಿ: 0.48. ಸಿ: 0.275. ಡಿ: ಎಲ್ಲವೂ ಸಮ. ಈ ಸಲ ಅದನ್ನು ಗಟ್ಟಿಯಾಗಿ ಓದಲಿಲ್ಲ. ಫೋನು ಹಾಯಿಸುವಾಗ ಎರಡು ಕಾರ್ಡು ಸಿಗಲಿಲ್ಲ; ಮತ್ತೆ ಹಾಯಿಸಿದಳು. ನಂತರ ಫಲಿತಾಂಶವನ್ನು ಬೋರ್ಡಿನ ಮೇಲೆ ತೆರೆಯುವ ಗುಂಡಿ ಒತ್ತಿದಳು. ಹೆಸರಿಲ್ಲದೆ ಬರೀ ಕಂಬಗಳು ಬರುವಂತೆ ಮಾಡಿಟ್ಟಿದ್ದಳು.

‘ಎ’ ಹನ್ನೆರಡು. ‘ಬಿ’ ಏಳು. ‘ಸಿ’ ಹತ್ತೊಂಬತ್ತು. ‘ಡಿ’ ಒಂದು. ಸರಿ ಉತ್ತರದ ಹಸಿರು ಕಂಬದ ಪಕ್ಕ ಕೆಂಪು ಕಂಬ ಎತ್ತರವಾಗಿ ನಿಂತಿತು.

ಹಿಂದಿನಿಂದ ದೇವನಾಯಗಂ ಸಾರ್ ದನಿ ಬಂತು. “ಮೇಡಂ, ಇದು ಮುಗಿದುಹೋದ ಪಾಠ ಅಲ್ಲವೇ?”

“ಹೌದು ಸಾರ್.”

“ಹಾಗಾದರೆ ಇದೇನು?”

ಎಲ್ಲ ಮಕ್ಕಳೂ ಅವಳ ಮುಖ ನೋಡಿದರು. ಅಡ್ಮಿಷನ್ ಕೌಂಟರಿನಲ್ಲಿ ಫಾರಂ ಹಂಚುತ್ತಾ ಕೂತ ತಾನು ಕಣ್ಣೆದುರು ಬಂದಳು.

“ಪಾಠ ನಾನು ಮುಗಿಸಿದ್ದೆ ಸಾರ್. ಮಕ್ಕಳಿಗೆ ತಲುಪಿರಲಿಲ್ಲ. ಯಾಕೆ ಅಂತ ಈಗ ನೋಡಬೇಕು.” ಅವಳು ತರಗತಿಗೆ ತಿರುಗಿದಳು. “‘ಸಿ’ ಅಂದವರು ಯಾರಾದರೂ ಯಾಕೆ ಅಂತ ಹೇಳ್ತೀರಾ? ಯಾರಿಗೂ ಬೈಯುವುದಿಲ್ಲ.”

ಅವಳು ಕಾದಳು. ಪ್ರಶ್ನೆ ಕೇಳಿ ಸುಮ್ಮನೆ ಕಾಯುವುದು ಅವಳಿಗೆ ಅಭ್ಯಾಸವಿಲ್ಲದ ಕೆಲಸ. ಉತ್ತರ ತುಟಿಯವರೆಗೆ ಬಂದಿತ್ತು. ಹತ್ತು ಸೆಕೆಂಡು, ಹದಿನೈದು. ಕಿಟಕಿಯ ಕಡೆಯ ನಾಲ್ಕನೇ ಬೆಂಚಿನಿಂದ ಯಾಳಿನಿ ಎದ್ದಳು. ಕೇಳಿದ್ದಕ್ಕೆಲ್ಲ ತಲೆಯಾಡಿಸುವ, ತಾನಾಗಿ ಎಂದೂ ಬಾಯಿ ಬಿಡದ ಹುಡುಗಿ.

“ಇನ್ನೂರ ಎಪ್ಪತ್ತೈದು ದೊಡ್ಡದು ತಾನೆ ಮಿಸ್?” ಎಂದಳು ಮೆಲ್ಲಗೆ. “ಆರು ಚಿಕ್ಕದು.”

“ಅದನ್ನು ಇನ್ನೂರ ಎಪ್ಪತ್ತೈದು ಅಂತ ಓದಲು ಹೇಳಿಕೊಟ್ಟವರು ಯಾರು?”

ಯಾಳಿನಿ ಹಿಂದಿನ ಬೆಂಚಿನ ಕಡೆ ಒಮ್ಮೆ ನೋಡಿದಳು.

“ಪರವಾಗಿಲ್ಲ, ಹೇಳಮ್ಮ.”

“ನೀವು, ಮಿಸ್.”

ಯಾರೋ ಕಿಸಕ್ಕೆಂದರು. ಸುಮೇಧಾ ತಲೆಯಾಡಿಸಿದಳು. “ಸರಿಯಾಗಿ ಹೇಳಿದಳು. ನಾನೇ ಹಾಗೆ ಓದುತ್ತಿದ್ದೆ. ಅದು ತಪ್ಪು. ಟು, ಸೆವೆನ್, ಫೈವ್. ಬಿಡಿ ಬಿಡಿಯಾಗಿ. ಇವತ್ತಿನಿಂದ ನಾನು ಮರೆತು ಹಳೆಯ ಹಾಗೆ ಓದಿದರೆ ನೀವೆಲ್ಲ ಕೈಯೆತ್ತಿ ನಿಲ್ಲಿಸಬೇಕು.”

ನಂತರ ಅವಳು ಗೆರೆ ತೆರೆದಳು. 0.6 ಎಲ್ಲಿದೆ ಎಂದು ಕೇಳಿದಳು. ದರ್ಶಿನಿಯನ್ನು ಕೇಳದೆ ಕೊನೆಯ ಬೆಂಚಿನವರನ್ನು ಕೇಳಿದಳು. 0.275 ಹುಡುಕಲು 0.2 ಮತ್ತು 0.3ರ ನಡುವೆ ಎರಡು ಬೆರಳಿಟ್ಟು ಹಿಗ್ಗಿಸಿದಳು. ಬೋರ್ಡು ಅಲುಗಲಿಲ್ಲ. ಇನ್ನೊಮ್ಮೆ. ಅಲುಗಲಿಲ್ಲ. ಬೆರಳೆಲ್ಲ ಬೆವರು. ಅವಳು ಸೆರಗಿಗೆ ಕೈ ಒರೆಸಿಕೊಂಡು ಮತ್ತೆ ಇಟ್ಟಳು. ಗೆರೆ ತೆರೆದುಕೊಂಡಿತು. ಎರಡು ಗುರುತಿನ ನಡುವಿನ ಚಿಕ್ಕ ಜಾಗ ಇಡೀ ಬೋರ್ಡಿನಷ್ಟಾಗಿ, ಒಳಗೆ ಹತ್ತು ಹೊಸ ಗುರುತುಗಳು ಕಂಡವು. “ಅಯ್ಯೋ, ಒಳಗೆ ಇನ್ನೂ ಇದೆ!” ಎಂದು ಒಬ್ಬ ಕೂಗಿದ. 0.27 ಮತ್ತು 0.28ರ ನಡುವೆ ಮತ್ತೆ ಹಿಗ್ಗಿಸಿದಳು. ಮತ್ತೆ ಹತ್ತು. ಅಲ್ಲಿ 0.275 ಸಿಕ್ಕಿತು. ಆಮೇಲೆ ಬೆರಳು ಕೂಡಿಸಿ ಗೆರೆಯನ್ನು ಮೊದಲಿನ ಅಳತೆಗೆ ತಂದಾಗ, ಆ ಇನ್ನೂರ ಎಪ್ಪತ್ತೈದು 0.3ನ್ನೂ ಮುಟ್ಟದೆ, 0.6ರಿಂದ ಎಷ್ಟೋ ಹಿಂದೆ ಕೂತಿತ್ತು.

ಯಾಳಿನಿ ಕೂರಲು ಮರೆತು ಇನ್ನೂ ನಿಂತೇ ಇದ್ದಳು. “ಅಷ್ಟು ಚಿಕ್ಕದಾ ಮಿಸ್ ಅದು?” ಎಂದಳು.

ಗಂಟೆಗೆ ಮೂರು ನಿಮಿಷ ಇರುವಾಗ ಹೊಸ ಸಂಖ್ಯೆಗಳನ್ನಿಟ್ಟು ಮತ್ತೆ ಅದೇ ಪ್ರಶ್ನೆ ಕೇಳಿದಳು. ಕಾರ್ಡುಗಳು ಎದ್ದವು. ಸರಿ ಇಪ್ಪತ್ತೆಂಟು. ತಪ್ಪು ಹನ್ನೊಂದು. ಇನ್ನೂ ಹನ್ನೊಂದು. ಡೆಮೋದ ಪಾಠಯೋಜನೆಯಲ್ಲಿ ಮೊದಲೇ ಬರೆದುಕೊಟ್ಟಿದ್ದ ಕೂಡುವ ಕಳೆಯುವ ಲೆಕ್ಕಗಳನ್ನು ಮುಟ್ಟುವ ಮೊದಲೇ ಗಂಟೆ ಹೊಡೆಯಿತು. ದೇವನಾಯಗಂ ಸಾರ್ ಎದ್ದು ಹೋದರು.

ಡೆಮೋದ ವರದಿಗೆ ಕಾಯುವ ಆ ಮೂರು ದಿನ ಸುಮೇಧಾ ಮನೆಯಲ್ಲೂ ಸರಿಯಾಗಿ ಮಾತಾಡಲಿಲ್ಲ. ಆಫೀಸಿನ ಅಟೆಂಡರ್ ಸ್ಟಾಫ್ ರೂಮಿನ ಬಾಗಿಲಿಗೆ ಬಂದಾಗಲೆಲ್ಲ ತಲೆಯೆತ್ತಿ ನೋಡುತ್ತಿದ್ದಳು. ರಮಾಬಾಯಿಗೆ ಮಾತ್ರ ನಡೆದದ್ದನ್ನು ಹೇಳಿದಳು. ಮುದುಕಿ ಎಲ್ಲ ಕೇಳಿ, “ಅಷ್ಟು ಜನರ ಎದುರಿಗೆ ನನ್ನ ತಪ್ಪು ಅಂದ್ಯಾ?” ಎಂದರು.

“ಅಂದೆ ಅತ್ತೆ.”

“ನನ್ನ ಕೈಲಿ ಆಗ್ತಿರಲಿಲ್ಲಮ್ಮ,” ಎಂದರು ರಮಾಬಾಯಿ. ಅದು ಹೊಗಳಿಕೆಯೋ ಅಲ್ಲವೋ ಸುಮೇಧಾಗೆ ತಿಳಿಯಲಿಲ್ಲ. ಆದರೆ ಆ ದಿನ ಊಟ ಸ್ವಲ್ಪ ಹೋಯಿತು.

ಗುರುವಾರ ವರದಿ ಬಂತು. ಬೋರ್ಡಿನ ಬಳಕೆ ಚೆನ್ನಾಗಿದೆ. ನಿಗದಿಯಾದ ಪಾಠ ಮುಗಿಸಿಲ್ಲ. ವಿದ್ಯಾರ್ಥಿಗಳ ಸಿದ್ಧತೆ ಸಾಲದು. ಅಕ್ಟೋಬರಿನಲ್ಲಿ ಮರುಪರಿಶೀಲನೆ. ಹಿಂದಿನ ದಿನ ಡೆಮೋ ಮುಗಿಸಿದ್ದ ನಮಿತಾಳ ವರದಿಯಲ್ಲಿ ‘ಅತ್ಯುತ್ತಮ’ ಎಂದಿತ್ತು.

ಫ್ಲಾರೆನ್ಸ್ ಮೇಡಂ ಅವಳನ್ನು ರೂಮಿಗೆ ಕರೆಸಿದರು. “ಪಾಠದಿಂದ ತೆಗೆಯಬೇಕು ಅಂತ ಅವರು ಹೇಳಿಲ್ಲ. ಅಕ್ಟೋಬರ್‌ವರೆಗೆ ಟೈಮಿದೆ. ಆದರೆ ಸುಮೇಧಾ, ಕೆಂಪು ಕಂಬವನ್ನು ಮುಚ್ಚಿಡಬಹುದಿತ್ತು. ಯಾಕೆ ತೋರಿಸಿದೆ?”

“ಮುಚ್ಚಿಟ್ಟರೆ ನನಗೂ ಕಾಣೋದಿಲ್ಲ ಮೇಡಂ.” ಸುಮೇಧಾ ಸ್ವಲ್ಪ ತಡೆದು ಕೇಳಿದಳು. “ಒಂಬತ್ತನೇ ತರಗತಿಯವರು ಏಳರಲ್ಲಿ ನನ್ನ ಹತ್ತಿರ ದಶಮಾಂಶ ಕಲಿತವರು. ಅವರಿಗೂ ಒಮ್ಮೆ ಈ ಪ್ರಶ್ನೆ ಹಾಕಲಾ?”

ಪ್ರಿನ್ಸಿಪಾಲ್ ಅವಳನ್ನು ದಿಟ್ಟಿಸಿ ನೋಡಿದರು. “ಅದೂ ಕೆಂಪಾಗಿ ಬಂದರೆ?”

“ಅದೇ ಭಯ ಮೇಡಂ.”

“ಹಾಕು,” ಎಂದರು ಫ್ಲಾರೆನ್ಸ್ ಮೇಡಂ.

ಕಾರಿಡಾರಿನಲ್ಲಿ ನಮಿತಾ ಕಾಯುತ್ತಿದ್ದಳು. ಮುಖ ಬಾಡಿತ್ತು. “ಮಿಸ್, ನಾಳೆ ನಿಮ್ಮ ಕಾರ್ಡ್ ನಂಗೆ ಒಂದು ಪೀರಿಯಡ್‌ಗೆ ಕೊಡ್ತೀರಾ?”

“ನಿಂದು ಆಯ್ತಲ್ಲ, ಅತ್ಯುತ್ತಮ.”

“ಹೌದು. ಎಲ್ಲ ಹಸಿರೇ ಬಂತು.” ನಮಿತಾ ಸೆರಗಿನ ಪಿನ್ನು ತಿರುಗಿಸುತ್ತಾ ನಿಂತಳು. “ನಂಗೆ ನಿನ್ನೆಯಿಂದ ಸರಿ ಆಗ್ತಾ ಇಲ್ಲ ಮಿಸ್. ಮಕ್ಕಳಿಗೆ ಪಾಠ ಗೊತ್ತುಂಟಾ ಇಲ್ವಾ ಅಂತ ನಂಗೇ ಗೊತ್ತಿಲ್ಲ. ಹೇಳಿಕೊಡದೆ ಒಮ್ಮೆ ಕೇಳಿ ನೋಡ್ಬೇಕು.”

“ಒಂಬತ್ತನೇ ಕ್ಲಾಸಿನಲ್ಲಿ ಮುಗಿಸಿ ತಂದುಕೊಡ್ತೀನಿ,” ಎಂದಳು ಸುಮೇಧಾ.

ಮರುದಿನ ಮೂರನೇ ಪೀರಿಯಡ್ಡಿಗೆ ಅವಳು ಒಂಬತ್ತನೇ ತರಗತಿಗೆ ಹೋದಳು. ಮೂವತ್ತೆಂಟು ಮಕ್ಕಳು, ಎಲ್ಲರೂ ಅವಳಿಗಿಂತ ಎತ್ತರ ಬೆಳೆದಿದ್ದರು. ಕಾರ್ಡು ಹಂಚುವಾಗ, ಇದು ಚಿಕ್ಕ ಮಕ್ಕಳ ಆಟ ಎಂದು ಕೆಲವರು ನಕ್ಕರು. ಬೋರ್ಡು ಆನ್ ಮಾಡಲು, ಪ್ರಶ್ನೆ ತೆರೆಯಲು ಅವಳಿಗೆ ನೋಟ್‌ಬುಕ್ ಬೇಕಾಗಲಿಲ್ಲ. ಅದು ಅವಳ ಗಮನಕ್ಕೂ ಬರಲಿಲ್ಲ. ಅವಳ ಗಮನವೆಲ್ಲ ಮಕ್ಕಳ ಕೈಯ ಕಾರ್ಡುಗಳ ಮೇಲಿತ್ತು.

ಕಾರ್ಡುಗಳು ಎದ್ದವು. ಫೋನು ಹಿಡಿದು ಅವಳು ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿದಳು. ಹಸಿರು, ಹಸಿರು, ಕೆಂಪು, ಹಸಿರು, ಕೆಂಪು, ಕೆಂಪು. ಮೂವತ್ತೆಂಟರಲ್ಲಿ ಹದಿನೈದು ತಪ್ಪು. ಎರಡು ವರ್ಷ ದಾಟಿದ ಮೇಲೂ ಹದಿನೈದು.

ಅವಳು ಕುರ್ಚಿ ಎಳೆದುಕೊಂಡು ಕೂತಳು. ಮಕ್ಕಳು ಕಾಯುತ್ತಿದ್ದರು. ಒಂದು ಹಾಳೆ ತೆಗೆದು ಆ ಹದಿನೈದು ಹೆಸರುಗಳನ್ನು ಯಾರಿಗೂ ಕಾಣದ ಹಾಗೆ ಬರೆದುಕೊಂಡಳು. ಆಮೇಲೆ ಎದ್ದು ಬೋರ್ಡಿನ ಹತ್ತಿರ ಹೋಗಿ, ಸೊನ್ನೆಯಿಂದ ಒಂದರವರೆಗೆ ಗೆರೆ ಎಳೆದಳು.

“ಇದನ್ನು ನಿಮಗೆ ಎರಡು ವರ್ಷದ ಹಿಂದೆ ನಾನು ಸರಿಯಾಗಿ ಹೇಳಿಕೊಡಲಿಲ್ಲ,” ಎಂದಳು. “ಇವತ್ತು ಹೇಳ್ತೀನಿ. ಕೂತ್ಕೊಳ್ಳಿ.”